ಕ್ಯೋಟೋದಲ್ಲಿ ‘ಚೊತ್ತೊ’ ಅಂದ್ರೆ ಆಗಲ್ಲ ಅಂತ ಅರ್ಥ

ಮೊನ್ನೆ ನಮ್ಮ ಟೂರ್ ಕಂಪನಿಯ ಜಪಾನ್ ಪ್ರವಾಸದ ಅಕ್ಟೋಬರ್ ಬ್ಯಾಚಿಗೆ ರೂಮಿಂಗ್ ಲಿಸ್ಟ್, ಅಂದ್ರೆ ಯಾರಿಗೆ ಯಾವ ರೂಮು ಅನ್ನೋ ಪಟ್ಟಿ ಮಾಡ್ತಾ ಕೂತಿದ್ದಾಗ ಕ್ಯೋಟೋದ ಆ ಸಾಂಪ್ರದಾಯಿಕ ವಸತಿಗೃಹ ಅಂದ್ರೆ ರಿಯೋಕಾನ್‌ನಿಂದ ಡಿಎಂಸಿ (ಅಲ್ಲಿನ ವ್ಯವಸ್ಥೆ ನೋಡ್ಕೊಳ್ಳೋ ಲೋಕಲ್ ಏಜೆನ್ಸಿ) ಮೂಲಕ ಮತ್ತೆ ಅದೇ ಉತ್ತರ ಬಂತು, ‘ಮಾನ್‌ಶಿತ್ಸು’, ರೂಮೆಲ್ಲ ಫುಲ್ ಅಂತ. ಇದು ಮೂರನೇ ಸಲ. ನಾವು ಕೇಳಿದ್ದು ಮೂರು ಬೇರೆ ಬೇರೆ ಡೇಟು, ಅದ್ರಲ್ಲಿ ಒಂದು ಸೀಸನ್ ಅಲ್ಲದ ಮಂಗಳವಾರ. ಅಲ್ಲಿ ರೂಮು ಯಾಕೆ ಫುಲ್ ಆಗಿದೆ ಅಂತ ನಂಗೆ ಗೊತ್ತು, ಆಫೀಸಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಏಪ್ರಿಲ್ ಬ್ಯಾಚು, 21 ಪ್ಯಾಕ್ಸ್ ಅಂದ್ರೆ 21 ಜನ, ಟಿಎಲ್ ಅಂದ್ರೆ ಟೂರ್ ಲೀಡರ್ ನಾನೇ. ಟೋಕಿಯೋ, ಹಕೋನೆ, ಕ್ಯೋಟೋ, ಒಸಾಕಾ. ಕ್ಯೋಟೋದಲ್ಲಿ ಒಂದು ರಾತ್ರಿ ಹೋಟೆಲ್ ಬದಲು ಹಿಗಾಶಿಯಾಮಾ ಕಡೆ ಹಳೇ ರಿಯೋಕಾನ್, ಹಾಫ್ ಬೋರ್ಡ್ ಅಂದ್ರೆ ರಾತ್ರಿ ಊಟ, ಬೆಳಿಗ್ಗೆ ತಿಂಡಿ ಸೇರಿ, ತತಾಮಿ ಅನ್ನೋ ಹುಲ್ಲಿನ ಚಾಪೆ, ನೆಲದ ಮೇಲೆ ಹಾಸಿಗೆ, ರಾತ್ರಿ ಕೈಸೆಕಿ, ಅಂದ್ರೆ ಸಣ್ಣ ಸಣ್ಣ ಬಟ್ಟಲಲ್ಲಿ ಹಲವು ಬಗೆ ಬಡಿಸೋ ಊಟ. ಬ್ರೋಷರಲ್ಲಿ ಅದರ ಫೋಟೋನೇ ಮೊದಲನೇ ಪೇಜು. ಸೇಲ್ಸ್‌ನವ್ರು ಅದನ್ನ ತೋರಿಸಿ ಮಾರಿದ್ರು, ಆದ್ರೆ ಊಟದ ವಿಷಯ ಯಾರೂ ಕೇಳ್ಲಿಲ್ಲ. ನಮ್ಮ ಬುಕಿಂಗ್ ಸಾಫ್ಟ್‌ವೇರಲ್ಲಿ ಮೀಲ್ ಕಾಲಂಗೆ ಇರೋದು ಮೂರೇ ಆಪ್ಶನ್ನು, ವೆಜ್, ನಾನ್‌ವೆಜ್, ಜೈನ್. ಜಪಾನಿಗೆ ಅದು ಸಾಕಾಗಲ್ಲ ಅಂತ ನಾನು ಎರಡು ವರ್ಷದಿಂದ ಹೇಳ್ತಾನೇ ಇದೀನಿ.

ಯಾಕೆ ಸಾಕಾಗಲ್ಲ ಅಂದ್ರೆ ದಾಶಿ. ಅಲ್ಲಿನ ಅಡುಗೆಗೆ ತಳಪಾಯ ಅದು. ಬೊನಿಟೋ ಮೀನನ್ನ ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆ ತುಂಡಿನ ಹಾಗೆ ಒಣಗಿಸಿ, ಅದನ್ನ ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸಿದ ರಸ. ಹುದುಗಿಸಿದ ಸೋಯಾದ ಮಿಸೋ ಸೂಪಲ್ಲಿ ಅದು, ಬೇಯಿಸಿದ ಕುಂಬಳಕಾಯಲ್ಲಿ ಅದು, ಸೋಬಾ ನೂಡಲ್ಸ್ ಅದ್ದಿ ತಿನ್ನೋ ಸಾಸಲ್ಲಿ ಅದು. ತಟ್ಟೇಲಿ ಮೀನು ಕಾಣಲ್ಲ, ಅವ್ರಿಗೂ ಅದು ಮೀನು ಅನ್ಸಲ್ಲ, ನಾವು ಒಗ್ಗರಣೆಗೆ ಇಂಗು ಹಾಕಿದ್ದನ್ನ ಯಾರಿಗೂ ಹೇಳಲ್ವಲ್ಲ ಹಂಗೆ. ವೆಜ್ ಅಂತ ಬರೆದು ಕಳಿಸಿದ್ರೆ ಮೀನು ಮಾಂಸ ತೆಗೆದು ಅದೇ ದಾಶೀಲಿ ತರಕಾರಿ ಬೇಯಿಸಿ ಕೊಡ್ತಾರೆ. ಅವ್ರ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ.

ಹಕೋನೆಯಲ್ಲಿ ಸಂಜೆ ಏಳು ಜನ ನನ್ನ ಹತ್ರ ಬಂದ್ರು. ಅದ್ರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬರು ಅಜ್ಜಿ ಇದ್ರು, ಈರುಳ್ಳಿ ಬೆಳ್ಳುಳ್ಳೀನೂ ಮುಟ್ಟದವರು, ಮೂರು ದಿನದಿಂದ ಅವಲಕ್ಕಿ, ಬಾಳೆಹಣ್ಣಲ್ಲೇ ಕಳೆದಿದ್ರು. ನಾಳೆ ಆದ್ರೂ ಒಂದು ಬಿಸಿ ಊಟ ಸಿಗುತ್ತಾ ತಮ್ಮಾ ಅಂತ ಕೇಳಿದ್ರು. ಸಿಗುತ್ತೆ ಅಜ್ಜಿ ಅಂದುಬಿಟ್ಟೆ.

ಆಗ ನಾನು ಮಾಡಬೇಕಿದ್ದು ಡಿಎಂಸಿಗೆ ಮೆಸೇಜ್ ಹಾಕೋದು. ಅವ್ರ ಆಫೀಸ್ ಟೈಮ್ ಮುಗಿದಿತ್ತು, ಎಮರ್ಜೆನ್ಸಿ ನಂಬರ್ ಇತ್ತು, ಊಟಕ್ಕೆಲ್ಲ ಎಮರ್ಜೆನ್ಸಿ ಯಾಕೆ ಅಂತ ಮಾಡ್ಲಿಲ್ಲ. ನಿಜವಾದ ಕಾರಣ ಇನ್ನೊಂದಿತ್ತು, ಡಿಸೆಂಬರಲ್ಲಿ ನಾನು ಜಪಾನಿ ಭಾಷಾ ಪರೀಕ್ಷೆಯ ಎನ್-4 ಹಂತ ಪಾಸಾಗಿದ್ದೆ, ಜಪಾನಿ ಭಾಷೇಲಿ ನಾನೇ ಮಾತಾಡಿ ಕೆಲಸ ಮುಗಿಸ್ತೀನಿ ಅನ್ನೋ ಹುಮ್ಮಸ್ಸು. ಸೀದಾ ರಿಯೋಕಾನಿಗೇ ಫೋನ್ ಹಚ್ಚಿದೆ. ಒಕಾಮಿನೇ ತೆಗೆದ್ರು, ಅಂದ್ರೆ ಆ ಮನೆಯ ಯಜಮಾನಿ. ಏಳು ಜನಕ್ಕೆ ಹೊರಗಡೆ ಇಂಡಿಯನ್ ರೆಸ್ಟೋರೆಂಟಿಂದ ಪಾರ್ಸಲ್ ತಂದು ನಿಮ್ಮಲ್ಲೇ ಕೂತು ತಿನ್ನಬಹುದಾ ಅಂತ ಕೇಳಿದೆ.

‘ಸೋ ದೆಸು ನೇ...’ ಅಂದ್ರು, ಹೌದಲ್ವಾ ಅನ್ನೋ ಹಾಗೆ. ಹಲ್ಲಿನ ಸಂದೀಲಿ ಉಸಿರೆಳೆದ ಹಾಗೆ ಸ್ಸ್ ಅಂತ ಒಂದು ಸದ್ದು. ಆಮೇಲೆ ‘ಸೋರೆ ವಾ ಚೊತ್ತೊ...’ ಅಷ್ಟೇ. ವಾಕ್ಯ ಅಲ್ಲಿಗೇ ನಿಂತುಹೋಯ್ತು.

ಚೊತ್ತೊ ಅಂದ್ರೆ ಪುಸ್ತಕದಲ್ಲಿ ‘ಸ್ವಲ್ಪ’. ಅದು ಸ್ವಲ್ಪ... ಸ್ವಲ್ಪ ಏನು? ಉಳಿದ ಅರ್ಧ ವಾಕ್ಯ ನಾನೇ ತುಂಬಿಕೊಂಡೆ, ಸ್ವಲ್ಪ ಕಷ್ಟ ಆಗುತ್ತೆ ಆದ್ರೂ ನೋಡ್ಕೋತೀವಿ ಅಂತ, ಬೆಂಗಳೂರಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನೋ ಆ ಸ್ವಲ್ಪ. ಅವ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೆರಡು ಪ್ರಶ್ನೆ ಕೇಳಿದ್ರು, ಮೀನಿನ ದಾಶಿ ಪೂರ್ತಿ ಬೇಡ್ವಾ, ಕೊಂಬು ಅಂದ್ರೆ ಸಮುದ್ರದ ಪಾಚಿ ಪರವಾಗಿಲ್ವಾ, ಅಣಬೆ ತಿಂತಾರಾ, ಈರುಳ್ಳಿ ಹೇಗೆ ಅಂತ. ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ಯಾಕೆ ಕೇಳ್ತಿದಾರೆ ಅಂತ ಒಂದು ಕ್ಷಣ ಯೋಚಿಸಿದ್ರೆ ಸಾಕಿತ್ತು. ಕೊನೆಗೆ ‘ವಕಾರಿಮಾಶಿತಾ’ ಅಂದ್ರು, ತಿಳೀತು ಅಂತ. ನಾನು ಅದನ್ನ ಒಪ್ಪಿಗೆ ಅಂದ್ಕೊಂಡೆ.

ಮಾರನೇ ದಿನ ಓದಾವಾರಾದಿಂದ ಬುಲೆಟ್ ಟ್ರೇನ್ ಶಿಂಕಾನ್‌ಸೆನ್ ಹಿಡಿದು ಕ್ಯೋಟೋಗೆ ಬಂದ್ವಿ. ದೊಡ್ಡ ಸೂಟ್‌ಕೇಸೆಲ್ಲ ಟೋಕಿಯೋದಿಂದಲೇ ಕೊರಿಯರಲ್ಲಿ ಮುಂದೆ ಹೋಗಿದ್ವು. ಮಧ್ಯಾಹ್ನ ಸಾಂಜುಸಾಂಗೆಂಡೋ ಬೌದ್ಧ ದೇವಸ್ಥಾನ. ಆ ಉದ್ದದ ಹಾಲ್ ಒಳಗೆ ಕಾನ್ನೋನ್ ಅನ್ನೋ ಕರುಣೆಯ ಬೋಧಿಸತ್ವನ 1001 ಮೂರ್ತಿ, ಅವುಗಳ ಮುಂದೆ 28 ಕಾವಲು ದೇವತೆಗಳು, ಅದ್ರಲ್ಲಿ ಬಹಳಷ್ಟು ನಮ್ಮವರೇ. ಇಂದ್ರ ಅಲ್ಲಿ ತೈಶಾಕುತೆನ್, ಗರುಡ ಅಲ್ಲಿ ಕರುರಾ, ಕೊಕ್ಕಿನ ಮುಖ, ರೆಕ್ಕೆ, ಕೈಲಿ ಕೊಳಲು. ಅಜ್ಜಿ ಅದರ ಮುಂದೆ ಎಷ್ಟೋ ಹೊತ್ತು ಕೈಮುಗಿದು ನಿಂತಿದ್ರು, ಗರುಡನ ಕೈಗೆ ಕೊಳಲು ಯಾರು ಕೊಟ್ರು ಅಂತ ಕೇಳಿದ್ರು. ಒಳಗೆ ಫೋಟೋ ತೆಗೆಯೋ ಹಾಗಿಲ್ಲ, ಯಾರೂ ತೆಗೀಲಿಲ್ಲ.

ಆಮೇಲೆ ಗಿಯೋನ್, ಗೇಶಾ ಅನ್ನೋ ಕಲಾವಿದೆಯರ ಹಳೇ ಬಡಾವಣೆ. ಅಲ್ಲಿ ಹನಾಮಿಕೋಜಿ ರಸ್ತೆ ಎಲ್ಲರದ್ದು, ಪಕ್ಕದ ಎಷ್ಟೋ ಸಣ್ಣ ಓಣಿಗಳು ಖಾಸಗಿ. ಪ್ರವಾಸಿಗರು ಗೇಶಾಗಳ ಹಿಂದೆ ಬಿದ್ದು, ಕಿಮೋನೋ ಎಳೆದು ಕಾಟ ಕೊಟ್ಟಿದ್ದಕ್ಕೆ 2019ರಲ್ಲಿ ಆ ಓಣಿಗಳಲ್ಲಿ ಫೋಟೋ ನಿಷೇಧ ಅಂತ ಬೋರ್ಡ್ ಹಾಕಿದ್ರು, 2024ರಲ್ಲಿ ಒಳಗೆ ಹೋಗೋದೇ ಬೇಡ ಅಂದ್ರು, ದಂಡ 10,000 ಯೆನ್. ಇಂಥದ್ರಲ್ಲಿ ನಾನು ತುಂಬಾ ಸ್ಟ್ರಿಕ್ಟು. ಒಬ್ಬರು ಸಾರ್ ಓಣಿ ಕಡೆ ಕ್ಯಾಮೆರಾ ಎತ್ತಿದ್ರೆ ಹೋಗಿ ಕೈ ಅಡ್ಡ ಹಿಡಿದೆ. ನಡೀತಾ ತಿನ್ನಬೇಡಿ, ಕಸ ಬ್ಯಾಗಲ್ಲೇ ಇಟ್ಕೊಳ್ಳಿ, ಟಿಪ್ಸ್ ಕೊಡಬೇಡಿ, ಚಾಪ್‌ಸ್ಟಿಕ್ ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ ಅದು ಸತ್ತವರಿಗೆ ಇಡೋ ರೀತಿ, ಯುಕಾತಾ ಅನ್ನೋ ಹತ್ತಿ ನಿಲುವಂಗಿ ಉಟ್ಟಾಗ ಎಡಗಡೆ ಸೆರಗು ಮೇಲೆ ಬರಬೇಕು, ಬಲಗಡೆದು ಮೇಲೆ ಬಂದ್ರೆ ಅದು ಹೆಣಕ್ಕೆ ಉಡಿಸೋ ಕ್ರಮ. ಎಲ್ಲ ನನ್ನ ಬಾಯಿಪಾಠ. ಬೋರ್ಡಲ್ಲಿ, ಪುಸ್ತಕದಲ್ಲಿ ಬರೆದಿರೋದನ್ನ ಪಾಲಿಸೋದು, ಬೇರೆಯವ್ರೂ ಪಾಲಿಸೋ ಹಾಗೆ ನೋಡ್ಕೊಳ್ಳೋದು ನಂಗೆ ಕಷ್ಟ ಅನ್ಸಿದ್ದೇ ಇಲ್ಲ.

ಸಂಜೆ ಪಾರ್ಸಲ್ ಕಟ್ಟಿಸಿದೆ. ದಾಲ್, ಜೀರಾ ರೈಸ್, ಆಲೂ ಗೋಬಿ, ಬೆಳ್ಳುಳ್ಳಿ ಇಲ್ಲದೆ ಮಾಡಿಸಿದ್ದು. ಎರಡು ದೊಡ್ಡ ಕವರು. ಕೋಚು ಆ ಓಣಿಗೆ ಬರಲ್ಲ, ಕಲ್ಲು ಹಾಸಿನ ದಾರೀಲಿ ನಡ್ಕೊಂಡೇ ಹೋದ್ವಿ. ಬಾಗಿಲಲ್ಲಿ, ಚಪ್ಪಲಿ ಬಿಡೋ ಗೆಂಕಾನ್‌ನ ಮೇಲಿನ ಹಲಗೆ ಮೇಲೆ ಒಕಾಮಿ ಮಂಡಿಯೂರಿ ಕೂತು ನಮಸ್ಕಾರ ಮಾಡಿದ್ರು. ಅರವತ್ತು ದಾಟಿದವರು, ಬೂದು ಬಣ್ಣದ ಕಿಮೋನೋ. ತಲೆ ಎತ್ತಿದಾಗ ಅವ್ರ ಕಣ್ಣು ನನ್ನ ಕೈಲಿದ್ದ ಕವರಿನ ಮೇಲೆ ಬಿತ್ತು. ಒಗ್ಗರಣೆ ಘಮ ಅಷ್ಟರಲ್ಲೇ ಬಾಗಿಲು ತುಂಬಿಕೊಂಡಿತ್ತು.

ನಕ್ಕು ‘ಏಏ ನಿಯೋಯಿ ಶಿಮಾಸು ನಾ’ ಅಂದ್ರು. ಎಷ್ಟು ಒಳ್ಳೇ ವಾಸನೆ ಬರ್ತಿದೆ ಅಂತ.

ನಂಗೆ ಖುಷಿ ಆಯ್ತು. ತಿರುಗಿ ಗ್ರೂಪಿಗೆ ಕನ್ನಡದಲ್ಲಿ ಜೋರಾಗಿ ಹೇಳಿದೆ, ನಮ್ಮ ಅಡುಗೆ ವಾಸನೆ ಚೆನ್ನಾಗಿದೆ ಅಂತ ಹೇಳ್ತಿದಾರೆ ಅಂತ. ಎಲ್ಲರೂ ನಕ್ರು, ಒಬ್ಬರು ಮೇಡಂ ಒಕಾಮಿಗೆ ಥ್ಯಾಂಕ್ಯೂ ಥ್ಯಾಂಕ್ಯೂ ಅಂದ್ರು. ಒಕಾಮಿ ಇನ್ನೊಮ್ಮೆ ತಲೆ ಬಾಗಿಸಿದ್ರು.

ಊಟ ಆರೂವರೆಗೆ. ತತಾಮಿ ಹಾಲಲ್ಲಿ ಮಿಕ್ಕ 14 ಜನಕ್ಕೆ ಸಣ್ಣ ಸಣ್ಣ ಬಟ್ಟಲು ಜೋಡಿಸಿಟ್ಟಿದ್ರು, ಇನ್ನೊಂದು ಪಕ್ಕ ಏಳು ಜಾಗದಲ್ಲಿ ಬರೀ ಆಸನ ಮತ್ತೆ ಖಾಲಿ ಮಣೆ. ನೋಡು, ನಮಗೆ ಅಂತ ಜಾಗ ಬಿಟ್ಟಿದಾರೆ ಅಂದ್ಕೊಂಡು ಪಾರ್ಸಲ್ ಬಿಚ್ಚಿಸಿದೆ. ಫಾಯಿಲ್ ಡಬ್ಬಿ, ಪ್ಲಾಸ್ಟಿಕ್ ಸ್ಪೂನು. ಒಂದು ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಎಳೆದ ರಭಸಕ್ಕೆ ದಾಲ್ ತತಾಮಿ ಮೇಲೆ ಚೆಲ್ತು, ಅಂಗೈ ಅಗಲ. ಟಿಶ್ಯೂಲಿ ಒರೆಸಿದ್ರೆ ಅರಿಶಿನ ಇನ್ನೂ ಹರಡ್ತು. ಅದು ಹುಲ್ಲಿನ ಹೆಣಿಗೆ, ಒಳಗೆ ಇಳಿದುಬಿಡುತ್ತೆ.

ನಾನು ಮಂಡಿಯೂರಿ ಅದನ್ನ ಉಜ್ತಾ ಇದ್ದಾಗ ಪಕ್ಕದ ಫುಸುಮಾ ಬಾಗಿಲು ಸರೀತು. ಒಕಾಮಿ, ಅವರ ಹಿಂದೆ ಇಬ್ಬರು ಹೆಣ್ಣುಮಕ್ಕಳು. ಕೈಲಿ ಟ್ರೇ. ಒಂದಾದ ಮೇಲೊಂದು, ಏಳು ಟ್ರೇ.

ಎಳ್ಳಿನ ತೋಫು. ಯುಬಾ ಅಂದ್ರೆ ಸೋಯಾ ಹಾಲಿನ ಕೆನೆ, ತಿಳಿ ಸೂಪಲ್ಲಿ. ಬದನೆಕಾಯಿಗೆ ಮಿಸೋ ಹಚ್ಚಿ ಸುಟ್ಟಿದ್ದು. ಬಿದಿರಿನ ಮೊಳಕೆ ಹಾಕಿದ ಅನ್ನ, ಮೇಲೊಂದು ಸಾನ್‌ಶೋ ಚಿಗುರು. ಎಲ್ಲ ಶೋಜಿನ್ ರೀತೀಲಿ, ಬೌದ್ಧ ದೇವಸ್ಥಾನಗಳ ಅಡುಗೆ, ಮೀನಿಲ್ಲ, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಹಿಂದಿನ ದಿನ ಫೋನಲ್ಲಿ ಕೇಳಿದ್ದೆಲ್ಲ ಇದಕ್ಕೇ. ಹೊರಗಿನ ಊಟ ತರೋದು ಆಗಲ್ಲ, ಆದ್ರೆ ನಿಮ್ಮವರು ತಿನ್ನೋ ಹಾಗೆ ನಾವೇ ಮಾಡ್ತೀವಿ ಅಂತ ಅವ್ರು ಹೇಳಿದ್ದು, ನಂಗೆ ಕೇಳ್ಸಿದ್ದು ಇನ್ನೊಂದು.

ಆ ಒಂದೆರಡು ನಿಮಿಷ ಹಾಲಲ್ಲಿ ಯಾರೂ ಮಾತಾಡ್ಲಿಲ್ಲ. ಒಕಾಮಿ ತೆರೆದ ಡಬ್ಬಿಗಳನ್ನ ನೋಡಿದ್ರು, ಚಾಪೆ ಮೇಲಿನ ಹಳದಿ ಕಲೆ ನೋಡಿದ್ರು, ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಟ್ರೇ ಹಿಡಿದ ಹುಡುಗಿ ಎಲ್ಲಿಡಬೇಕು ಅಂತ ಗೊತ್ತಾಗದೆ ಅವ್ರನ್ನ ನೋಡ್ತಾ ನಿಂತಿದ್ಲು. ನನ್ನ ಬಾಯಿಂದ ಸುಮಿಮಾಸೆನ್, ಕ್ಷಮಿಸಿ ಅನ್ನೋದು ಬಿಟ್ಟು ಬೇರೆ ಪದ ಬರ್ಲಿಲ್ಲ. ಕಿವಿ ಸುಡ್ತಿತ್ತು.

ಆಗ ಅಜ್ಜಿ ತಮ್ಮ ಫಾಯಿಲ್ ಡಬ್ಬಿ ಮುಚ್ಚಿ ಬೆನ್ನ ಹಿಂದೆ ಸರಿಸಿದ್ರು. ಹುಡುಗಿಗೆ ಕೈಸನ್ನೆ ಮಾಡಿ ಟ್ರೇ ಮುಂದೆ ಇಡಿಸ್ಕೊಂಡ್ರು. ಅನ್ನದ ಬಟ್ಟಲ ಮುಚ್ಚಳ ತೆಗೆದು ಮೂಸಿ, ಒಂದು ತುಂಡು ಬಾಯಿಗಿಟ್ಟು, ‘ಇದು ಕಳಲೆ ಅಲ್ವೇನೋ ಮಾರಾಯಾ!’ ಅಂದ್ರು. ನಮ್ಮಲ್ಲಿ ಮಳೆಗಾಲದ್ದು, ಅಲ್ಲಿ ವಸಂತದ್ದು. ನಾವು ನೀರು ಬದಲಾಯಿಸಿ ಬದಲಾಯಿಸಿ ಕಹಿ ತೆಗೀತೀವಿ, ಅವ್ರು ಅಕ್ಕಿ ತೌಡು ಹಾಕಿ ಬೇಯಿಸ್ತಾರೆ. ಅಜ್ಜಿ ಒಕಾಮಿ ಕಡೆ ತಿರುಗಿ ಕನ್ನಡದಲ್ಲೇ ಕಳಲೆ, ಕಳಲೆ ಅಂದ್ರು, ಒಕಾಮಿ ‘ತಾಕೆನೋಕೋ’ ಅಂದ್ರು, ಅಜ್ಜಿ ತಲೆ ಆಡಿಸಿದ್ರು. ಬಟ್ಟಲಲ್ಲಿ ಒಂದಗುಳೂ ಬಿಡ್ಲಿಲ್ಲ. ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ ‘ಮಾಡಿಟ್ಟವರ ಮನೇಲಿ ಹೊರಗಿಂದು ತಂದು ಉಣಬಾರದಿತ್ತು ತಮ್ಮಾ’ ಅಂದ್ರು. ಮಿಕ್ಕ ಆರು ಜನದಲ್ಲಿ ಮೂರು ಜನ ಅರ್ಧ ಡಬ್ಬಿ ಮುಗಿಸಿಬಿಟ್ಟಿದ್ರು, ಆ ಮೂರು ಟ್ರೇ ಹಾಗೇ ಒಳಗೆ ವಾಪಸ್ ಹೋಯ್ತು.

ಬೆಳಿಗ್ಗೆ ಎದ್ದು ಹೋಗಿ ಸಾರಿ ಕೇಳಿದೆ. ‘ಇಯೆ ಇಯೆ, ಕೊಚಿರಾ ಕೊಸೊ’, ಇಲ್ಲ ಇಲ್ಲ ನಮ್ದೇ ತಪ್ಪು ಅಂದ್ರು. ನಾವು ಓಣಿ ತಿರುವು ದಾಟೋವರೆಗೂ ಬಾಗಿಲಲ್ಲಿ ಬಗ್ಗಿ ನಿಂತೇ ಇದ್ರು. ಚಾಪೆ ದುಡ್ಡು ಕೇಳ್ಲಿಲ್ಲ.

ಒಸಾಕಾಗೆ ಹೋಗೋ ದಾರೀಲಿ ಡಿಎಂಸಿಯ ಮೇಡಂ ಫೋನ್ ಮಾಡಿದ್ರು. ಕೊಂಬು ಮತ್ತೆ ಒಣ ಶಿಟಾಕೆ ಅಣಬೆ ಹಿಂದಿನ ರಾತ್ರಿನೇ ನೆನೆಹಾಕಿದ್ರಂತೆ. ಹೊರಗಿನ ಊಟ ಯಾಕೆ ಬೇಡ ಅಂದ್ರೆ ಯಾರಿಗಾದ್ರೂ ಹೊಟ್ಟೆ ಕೆಟ್ರೆ ಮಾತು ಬರೋದು ಆ ಅಡುಗೆಮನೆಗೆ, ಮತ್ತೆ ವಾಸನೆ ತತಾಮೀಲಿ ಕೂತ್ರೆ ಮುಂದಿನ ಗೆಸ್ಟಿಗೆ ತೊಂದ್ರೆ. ಒಳ್ಳೇ ವಾಸನೆ ಅಂದಿದ್ದು ಏನು ಹಂಗಾದ್ರೆ ಅಂತ ಕೇಳಿದೆ. ಅವ್ರು ಬುಬುಝುಕೆ ಕತೆ ಹೇಳಿದ್ರು. ಕ್ಯೋಟೋ ಮನೇಲಿ ಅನ್ನಕ್ಕೆ ಟೀ ಹುಯ್ದು ಕೊಡ್ಲಾ ಅಂತ ಕೇಳಿದ್ರೆ ಹೊತ್ತಾಯ್ತು ಏಳಿ ಅಂತ ಅರ್ಥ ಅನ್ನೋ ಹಳೇ ಮಾತು. ಈಗ ಯಾರೂ ಹಂಗೆ ಕೇಳಲ್ಲ ಅಂತಾರೆ, ಆದ್ರೆ ಹೊಗಳಿಕೆ ರೂಪದಲ್ಲಿ ಹೇಳೋ ಅಭ್ಯಾಸ ಮಾತ್ರ ಇನ್ನೂ ಇದೆ ಅಂದ್ರು. ಕೇಳ್ತಾ ಕೇಳ್ತಾ ನಂಗೆ ನಮ್ಮಮ್ಮನ ನೆನಪಾಯ್ತು. ಮೈಸೂರಲ್ಲಿ ಮನೆಗೆ ಬಂದವ್ರಿಗೆ ಅಮ್ಮ ಕಾಫಿ ತಂದೆ ಅನ್ನೋದು ಬೇರೆ, ಇನ್ನೊಂದ್ಸಲ ಕಾಫಿ ಮಾಡ್ಲಾ ಅಂತ ಬಾಗಿಲ ಹತ್ರ ನಿಂತು ಕೇಳೋದು ಬೇರೆ. ಮೂವತ್ತು ವರ್ಷ ಅದನ್ನ ತಪ್ಪಿಲ್ಲದೆ ಅರ್ಥ ಮಾಡ್ಕೊಂಡವನು ನಾನು.

ಆಫೀಸಲ್ಲಿ ರಿಪೋರ್ಟ್ ಕೊಟ್ರೆ ಮ್ಯಾನೇಜರ್ ಕೇಳಿದ್ದು ಒಂದೇ, ಎಕ್ಸ್‌ಟ್ರಾ ಬಿಲ್ ಏನೂ ಬಂದಿಲ್ಲ ತಾನೇ ಅಂತ. ಬಂದಿಲ್ಲ ಅಂದೆ. ಫೈಲ್ ಕ್ಲೋಸ್. ಮೀಲ್ ಕಾಲಂ ಇವತ್ತಿಗೂ ಮೂರೇ ಆಪ್ಶನ್. ನಾನು ಬೇರೆ ಶೀಟ್ ಮಾಡ್ಕೊಂಡಿದೀನಿ, ದಾಶಿ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಬೇರೆ ಬೇರೆ ಕಾಲಂ, ಬುಕಿಂಗ್ ದಿನವೇ ಗೆಸ್ಟಿಗೆ ಫೋನ್ ಮಾಡಿ ತುಂಬ್ತೀನಿ, ತಿಂಗಳ ಮೊದಲೇ ಡಿಎಂಸಿಗೆ ಕಳಿಸ್ತೀನಿ. ಹೋಟೆಲಿಗೆ ನಾನಾಗಿ ಫೋನ್ ಮಾಡೋದು ಬಿಟ್ಟಿದೀನಿ. ಹೊಸ ಟಿಎಲ್‌ಗಳಿಗೆ ಹೇಳೋದೂ ಇಷ್ಟೇ, ಅವ್ರು ವಾಕ್ಯ ಅರ್ಧಕ್ಕೆ ನಿಲ್ಲಿಸಿದ್ರೆ ನೀವು ಪೂರ್ತಿ ಮಾಡೋಕೆ ಹೋಗಬೇಡಿ, ಉತ್ತರ ಬಂದಾಯ್ತು.

ಮೂರನೇ ಮಾನ್‌ಶಿತ್ಸು ಬಂದ ಮೇಲೆ ಡಿಎಂಸಿ ಮೇಡಂಗೆ ಫೋನ್ ಮಾಡಿದೆ. ರೂಮು ಬೇಡ, ಅಕ್ಟೋಬರಲ್ಲಿ ಬಂದಾಗ ನಾನೊಬ್ಬನೇ ಒಂದು ಸಿಹಿ ಡಬ್ಬ ಹಿಡ್ಕೊಂಡು ಅವ್ರ ಬಾಗಿಲಿಗೆ ಹೋಗಿ ಹತ್ತು ನಿಮಿಷ ಕ್ಷಮೆ ಕೇಳಿ ಬರ್ಲಾ ಅಂತ ಕೇಳಿದೆ. ಆ ಕಡೆಯಿಂದ ಸ್ಸ್ ಅಂತ ಉಸಿರೆಳೆದ ಸದ್ದು. ಸರಿ ಮೇಡಂ, ಹಾಗಾದ್ರೆ ಕಾಗದ ಮಾತ್ರ ಬರೀತೀನಿ, ನೀವು ತಲುಪಿಸಿಬಿಡಿ ಅಂದೆ. ಅವ್ರ ದನಿ ಹಗುರ ಆಯ್ತು, ಖಂಡಿತ ತಲುಪಿಸ್ತೀನಿ ಅಂದ್ರು. ಕಾಗದ ಬರೀತಿದೀನಿ. ಕಳಲೆ ವಿಷಯಾನೂ ಬರೀ ಅಂತ ಅಜ್ಜಿ ಫೋನಲ್ಲಿ ಹೇಳಿದಾರೆ.