ಅತ್ತೆಯ ಮಾತಿನ ಮೇಲೆ ಕೊಳಲು

"ಆನು ಹೇಳಿದ್ದು ಎಲ್ಲಿಗೆ ಹೋತೇ ತಂಗಿ?" ಎಂದು ಭಾನುವಾರ ಅತ್ತೆ ಕೇಳಿದ ಪ್ರಶ್ನೆ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ವಿಡಿಯೊವನ್ನು ಮೂರು ರಾತ್ರಿ ಕುಳಿತು ಕತ್ತರಿಸಿ, ಜೋಡಿಸಿ, ಯೂಟ್ಯೂಬಿಗೆ ಏರಿಸಿದ ಮೇಲೆ ಮೊದಲು ತೋರಿಸಿದ್ದು ಅವರಿಗೇ. ಭರಣಿಯಲ್ಲಿ ಮಿಡಿಯನ್ನೂ ಉಪ್ಪನ್ನೂ ಪದರಪದರವಾಗಿ ತುಂಬುವ ಭಾಗ ಬಂದಾಗ ಅವರು ಫೋನನ್ನು ಕಿವಿಯ ಹತ್ತಿರಕ್ಕೆ ತಂದುಕೊಂಡರು. ಅಲ್ಲಿ ಕೇಳುತ್ತಿದ್ದುದು ನಾನು ಸೇರಿಸಿದ್ದ ಕೊಳಲು ಮಾತ್ರ.

ಚಿತ್ರೀಕರಣದ ದಿನ ನನ್ನ ಗಮನವೆಲ್ಲ ಚಿತ್ರದ ಮೇಲಿತ್ತು. ಕಿಟಕಿಯ ಬೆಳಕು ಅವರ ಕೈಗಳ ಮೇಲೆ ಬೀಳುವಂತೆ ಭರಣಿಯನ್ನು ಮೂರು ಸಲ ಸರಿಸಿದ್ದೆ. ಫೋನನ್ನು ಅಡ್ಡವಾಗಿ, ಆರು ಅಡಿ ದೂರದಲ್ಲಿ ನಿಲ್ಲಿಸಿದ್ದೆ. ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದು ನನಗೆ ಕೇಳಿಸಿದ್ದು ಎಡಿಟಿಂಗಿಗೆ ಕುಳಿತಾಗಲೇ. ಅದನ್ನು ಮುಚ್ಚಲು ಸಂಗೀತ ಹಾಕಿದೆ, ಅದರೊಂದಿಗೆ ಅತ್ತೆಯ ದನಿಯೂ ಮುಚ್ಚಿಹೋಯಿತು. ಮೈಕು ಮತ್ತು ಬಾಯಿಯ ನಡುವಿನ ಅಂತರವನ್ನು ಅರ್ಧಕ್ಕಿಳಿಸಿದರೆ ದನಿ ಸುಮಾರು 6 ಡೆಸಿಬೆಲ್‌ನಷ್ಟು ಏರುತ್ತದೆ ಎಂಬುದನ್ನು ಈಗ ಓದಿಕೊಂಡಿದ್ದೇನೆ. ಆದರೆ ಫೋನಿನಲ್ಲಿ ಜಾಗವಿಲ್ಲವೆಂದು ಮೂಲ ಚಿತ್ರಿಕೆಯನ್ನು ಆಗಲೇ ಅಳಿಸಿಬಿಟ್ಟಿದ್ದೆ.

ನೆಂಟರೊಬ್ಬರು ದುಡ್ಡು ಯಾವಾಗ ಬರುತ್ತದೆಂದು ಕೇಳಿದರು. ಉದ್ದದ ವಿಡಿಯೊಗಳಿಂದ ಜಾಹೀರಾತಿನ ಹಣ ಬರಬೇಕಾದರೆ 1,000 ಚಂದಾದಾರರೂ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕೆಂದು ವಿವರಿಸಿದೆ. ಅವರಿಗೆ ಆಸಕ್ತಿ ಹೋಯಿತು. ಅವರ ಮನೆಯಲ್ಲಿ ಪ್ರತಿ ವರ್ಷ ಊಟಕ್ಕೆ ಬರುವುದು ಅತ್ತೆ ಕಳಿಸಿದ ಇದೇ ಉಪ್ಪಿನಕಾಯಿ, ಆದರೂ ಉಪ್ಪಿನ ಅಳತೆಯನ್ನು ಅವರು ಒಮ್ಮೆಯೂ ಕೇಳಿದವರಲ್ಲ.

ಕೇಳಬಯಸಿದವರು ಬೇರೆ ಇದ್ದರು. ವಿಡಿಯೊದ ಯಾವ ಕ್ಷಣದಲ್ಲಿ ಎಷ್ಟು ಜನ ನೋಡುತ್ತಿದ್ದರೆಂದು ಯೂಟ್ಯೂಬ್ ತೋರಿಸುವ ವೀಕ್ಷಣೆಯ ರೇಖೆಯನ್ನು ತೆರೆದು ನೋಡಿದೆ: ನಾನು ನಮಸ್ಕಾರ, ಪರಿಚಯವೆಂದು ಎಳೆದ ಮೊದಲ ಅರ್ಧ ನಿಮಿಷದಲ್ಲೇ ಅದು ಕಡಿದಾಗಿ ಇಳಿದಿತ್ತು. ತೊಟ್ಟು ಮುರಿದರೆ ಸೊನೆ ಸುರಿದು ಪರಿಮಳ ಹೋಗುತ್ತದೆಂದು ಅತ್ತೆ ತೋರಿಸುವಲ್ಲಿ ಸ್ಥಿರವಾಗಿತ್ತು. ಕೊಳಲು ಮೊಳಗುವ ಜಾಗದಲ್ಲಿ ಮಾತ್ರ ಸಣ್ಣದೊಂದು ಏರು ಕಂಡಿತು. ನೋಡುಗರು ಹಿಂದಕ್ಕೆ ಹೋಗಿ ಮತ್ತೆ ಕೇಳಿದಾಗ ಹಾಗೆ ಏರುತ್ತದಂತೆ. ನಾನು ಸಂಗೀತದಿಂದ ಅಲಂಕರಿಸಿದ ಆ ಇಪ್ಪತ್ತು ಸೆಕೆಂಡುಗಳಲ್ಲಿ ಪರಿಚಯವೇ ಇಲ್ಲದ ಯಾರೋ ಎಪ್ಪತ್ತೆಂಟು ವರ್ಷದ ಹೆಂಗಸಿನ ಮಾತಿಗಾಗಿ ತಡಕಾಡಿದ್ದರು. ಅದನ್ನು ನೆನೆದಾಗಲೆಲ್ಲ ಗಂಟಲು ಕಟ್ಟುತ್ತದೆ. ಅತ್ತೆಯ ಅಕ್ಕ ಮಾಡುತ್ತಿದ್ದ ಗೊಜ್ಜಿನ ಹದ ಅವರೊಂದಿಗೇ ಹೋಯಿತು. ಅವರದೊಂದು ಫೋಟೊ ಮನೆಯಲ್ಲಿದೆ, ದನಿ ಎಲ್ಲಿಯೂ ಇಲ್ಲ.

ಗುರುವಾರ ಕಾಲರ್ ಮೈಕೊಂದನ್ನು ತರಿಸಿ, ಅತ್ತೆಯ ಸೆರಗಿಗೆ ಸಿಕ್ಕಿಸಿ, ಫ್ಯಾನು ಆರಿಸಿ, ಅಂದು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿರೆಂದು ಕೇಳಿಕೊಂಡೆ. ಮಿಡಿಯ ಕಾಲ ಮುಗಿದಿತ್ತು, ಎದುರಿಗೆ ಏನೂ ಇರಲಿಲ್ಲ. ಅವರು ಬಾಯಿ ತೆರೆದರು, ಬೆರಳುಗಳನ್ನು ಮಡಿಸಿ ಗಾಳಿಯಲ್ಲೇ ಉಪ್ಪನ್ನು ಹಿಡಿದು ನೋಡಿದರು, ಕೈ ಬಿಚ್ಚಿದರು.

"ಭರಣಿ ತಗಂಡು ಬಾ ಮೊದ್ಲು" ಎಂದರು.