ಪಾತಿಯೊಳಗಿನ ಅತಿಥಿಗಳು

ಮಳೆ ಬಿದ್ದದ್ದೇ ತಡ, ಹೂವಿನ ಪಾತಿಯಲ್ಲಿ ಕರೆಯದೇ ಬಂದವರದೇ ದರ್ಬಾರು. ಹೋದ ವರ್ಷ ಉದುರಿದ ಚೆಂಡು ಹೂವಿನ ಬೀಜ ಮೊಳೆತಿದೆ, ಪಕ್ಕದಲ್ಲೇ ಪಾರ್ಥೇನಿಯಂ ಕೂಡ. ಎಳಸಿನಲ್ಲಿ ಎರಡರದ್ದೂ ಸೀಳು ಸೀಳು ಎಲೆ. ಬಗ್ಗಿ ನೋಡಿದರೆ ಗುಟ್ಟು ರಟ್ಟು: ಚೆಂಡು ಹೂವಿನ ಸಸಿ ನೆಟ್ಟಗೆ ನಿಂತು ಎಲೆಗಳನ್ನು ಎದುರುಬದುರಾಗಿ ಬಿಡುತ್ತದೆ, ಪಾರ್ಥೇನಿಯಂ ನೆಲಕ್ಕಂಟಿಕೊಂಡು ಸುತ್ತಲೂ ಹರಡುತ್ತದೆ, ಮೈಮೇಲೆ ಸಣ್ಣ ರೋಮ ಬೇರೆ. ಚೆಂಡು ಹೂವಿನ ಎಲೆ ಹಿಸುಕಿದರೆ ಆ ಪರಿಚಿತ ಘಾಟು ಮೂಗಿಗೆ ಬಡಿಯುತ್ತದೆ. ಪಾರ್ಥೇನಿಯಂ ಹಿಸುಕಲು ಹೋಗಬೇಡಿ, ಕೆಲವರಿಗೆ ಚರ್ಮ ತುರಿಸಿ ಕೆಂಪಾಗುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಾಂಗ್ರೆಸ್ ಗಿಡ ಈಗ ಇಲ್ಲದ ಊರಿಲ್ಲ. ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಹಾಗಾಗಿ ಹೂ ಬಿಡುವ ಮುಂಚೆಯೇ ಬೇರುಸಮೇತ ಕಿತ್ತೆಸೆಯುವುದು ಕ್ಷೇಮ.

ಜೇಕಿನ ಕಥೆ ಬೇರೆ. ಹುಲ್ಲಿನಂತೆ ಕಂಡರೂ ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ತಾಗುತ್ತದೆ. ಮೇಲೆ ಕಿತ್ತರೆ ಏನೂ ಆಗಲ್ಲ, ಕೆಳಗೆ ಗಡ್ಡೆ ನಗುತ್ತಿರುತ್ತದೆ.

ಗಣಿಕೆ ಸೊಪ್ಪು, ಗೋಣಿ ಸೊಪ್ಪು, ನೆಲನೆಲ್ಲಿ ಎಲ್ಲವೂ ಇವೆ. ಅಮ್ಮನ ಪ್ರಕಾರ ಇವ್ಯಾವುವೂ ಕಳೆಯೇ ಅಲ್ಲ. "ಗುಲಾಬೀನ ಬೇಯಿಸಿ ತಿನ್ನಕ್ಕಾಗುತ್ತಾ?" ಅಂತಾರೆ. ನನ್ನ ಹತ್ರ ಉತ್ತರ ಇಲ್ಲ. ಸದ್ಯಕ್ಕೆ ಗಣಿಕೆಗೆ ಗುಲಾಬಿ ಪಕ್ಕದಲ್ಲೇ ಜಾಗ ಸಿಕ್ಕಿದೆ, ಗೋಣಿ ಸೊಪ್ಪು ಇವತ್ತಿನ ಸಾರಿಗೆ ಹೋಯಿತು.