ಅವರಪ್ಪ ಲೈಬ್ರರೀಲಿ ನೋಡಿದಾರೆ

ಭಾನುವಾರ ಗೆಳತಿಯ ಮನೆಯಲ್ಲಿ ಕೂತು ಒಂದು ಸಿನಿಮಾ ನೋಡಿದೆವು. ನೋಡುವಾಗ ಅವಳ ಮಗಳು ಟೀವಿಯಿಂದ ಕಣ್ಣು ತೆಗೆಯದೆ ಒಂದು ಮಾತು ಹೇಳಿದಳು. ವಾರ ಮುಗಿಯುತ್ತಾ ಬಂತು, ಅದಿನ್ನೂ ತಲೆಯಿಂದ ಇಳಿದಿಲ್ಲ. ಬಸ್ಸಲ್ಲಿ ಕೂತರೂ ಅದೇ, ಹಾಲು ಕಾಯಿಸಲು ನಿಂತರೂ ಅದೇ. "ಅಮ್ಮಾ, ಅವರಪ್ಪ ಲೈಬ್ರರೀಲಿ ನೋಡಿದಾರೆ."

ಸಿನಿಮಾ 'ವಿಸ್ಪರ್ ಆಫ್ ದ ಹಾರ್ಟ್'. ಜಪಾನಿನ ಅನಿಮೇಷನ್ ಸಂಸ್ಥೆ ಸ್ಟುಡಿಯೊ ಘಿಬ್ಲಿಯದ್ದು, 1995ರಲ್ಲಿ ಬಂದದ್ದು. ಘಿಬ್ಲಿ ಅಂದ ಕೂಡಲೇ ದೆವ್ವ, ಭೂತ, ಹಾರುವ ಕೋಟೆ ಬರುತ್ತದೆ ಅಂತ ಕಾದು ಕೂರುವವರಿಗೆ ಇದು ಸ್ವಲ್ಪ ಸಪ್ಪೆ ಅನ್ನಿಸಬಹುದು. ಟೋಕಿಯೋದ ಪಶ್ಚಿಮದಲ್ಲಿ ತಾಮಾ ಅಂತ ಗುಡ್ಡದ ಪ್ರದೇಶ. ಅಲ್ಲೊಂದು ಸಣ್ಣ ಫ್ಲ್ಯಾಟು. ಅದರ ತುಂಬ ಪುಸ್ತಕ, ಪೇಪರು, ಒಗೆಯಬೇಕಾದ ಬಟ್ಟೆ. 14 ವರ್ಷದ ಶಿಜುಕುಗೆ ಓದುವ ಹುಚ್ಚು. ಲೈಬ್ರರಿಯಿಂದ ತಾನು ತರುವ ಪುಸ್ತಕಗಳ ಕಾರ್ಡಿನಲ್ಲೆಲ್ಲ ತನಗಿಂತ ಮೊದಲೇ ಒಬ್ಬ ಹುಡುಗನ ಹೆಸರು ಇದೆ ಅಂತ ಅವಳಿಗೆ ಒಂದು ದಿನ ಗೊತ್ತಾಗುತ್ತದೆ. ಅಮಸಾವಾ ಸೇಜಿ. ಆ ಹುಡುಗನಿಗೆ ಪಿಟೀಲು ಮಾಡುವವನಾಗಬೇಕು ಅಂತ ಆಸೆ. ಪಿಟೀಲಿಗೇ ಹೆಸರಾದ ಇಟಲಿಯ ಕ್ರೆಮೋನಾಕ್ಕೆ ಎರಡು ತಿಂಗಳು ಹೋಗಿ, ತನಗೆ ಆ ಕೈಚಳಕ ಇದೆಯಾ ಇಲ್ಲವಾ ಅಂತ ನೋಡಿಕೊಂಡು ಬರಲು ಹೊರಡುತ್ತಾನೆ. ಅವನು ಅಷ್ಟು ಮಾಡುವಾಗ ನಾನೇನು ಮಾಡ್ತಿದೀನಿ ಅಂತ ಇವಳಿಗೆ ಚಡಪಡಿಕೆ. ಕಥೆ ಬರೆಯಲು ಕೂರುತ್ತಾಳೆ.

ನಮ್ಮ ಗುಂಪು ಕಾಲೇಜಿನ ಕಾಲದ್ದು. ಈಗ ಎಲ್ಲರ ತಲೆಯಲ್ಲೂ ಬಿಳಿ ಕೂದಲು. ಮನೆಯೊಡತಿ ಗೆಳತಿ ಬಹಳ ಒಳ್ಳೆಯವಳು, ಯಾರಿಗೆ ಕಷ್ಟ ಬಂದರೂ ಮೊದಲು ಓಡಿ ಬರುವವಳು. ಆದರೆ ಮಗಳು ಹತ್ತನೇ ಕ್ಲಾಸಿಗೆ ಬಂದ ಮೇಲೆ ಆ ಮನೆ ಮನೆಯಾಗಿ ಉಳಿದಿಲ್ಲ. ಫ್ರಿಜ್ ಮೇಲೆ ಟೈಮ್ ಟೇಬಲ್. ಸ್ಕೂಲಿನ ಆ್ಯಪ್ ದಿನಕ್ಕೆ ಹತ್ತು ಸಲ ಟಿಂಗ್ ಅನ್ನುತ್ತದೆ. ಗಣಿತದ ಟೆಸ್ಟಲ್ಲಿ ಎಷ್ಟು ಬಂತು, ಹೋಂವರ್ಕ್ ಕೊಟ್ಟಿದ್ದಾಳಾ, ಎಷ್ಟು ಗಂಟೆಗೆ ಗೇಟು ದಾಟಿದಳು, ಎಲ್ಲಾ ಅದರಲ್ಲಿ ಬರುತ್ತದೆ. ಅವಳ ಗಂಡ ಸಾಧು ಮನುಷ್ಯ. ಸಾಧು ಅಂದರೆ ಜಗಳ ಶುರುವಾಗುವ ಲಕ್ಷಣ ಕಂಡರೆ ಫೋನ್ ಬಂದವರ ಹಾಗೆ ಬಾಲ್ಕನಿಗೆ ಹೋಗಿ ನಿಲ್ಲುವ ಜಾತಿ. ಇನ್ನೊಬ್ಬ ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತಾನೆ, ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುವುದು. ಸಿನಿಮಾ ನೋಡುವಾಗ ಬಾಯಿ ಮುಚ್ಚಿಕೊಂಡು ಕೂರುವುದು ಅವನಿಗೆ ಯಾವತ್ತೂ ಆಗಿಲ್ಲ.

ಶುರುವಿನಲ್ಲೇ ಅವನು ಮಾತು ತೆಗೆದ. 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್' ಅನ್ನುವ ಇಂಗ್ಲಿಷ್ ಹಾಡನ್ನು ಶಿಜುಕು ಸ್ಕೂಲಿಗಾಗಿ ಜಪಾನಿ ಭಾಷೆಗೆ ತರುತ್ತಿರುತ್ತಾಳೆ. ಜೊತೆಗೆ ಸುಮ್ನೆ ತಮಾಷೆಗೆ ಒಂದು ಅಣಕು ಹಾಡನ್ನೂ ಬರೆಯುತ್ತಾಳೆ. ಕಾಡು ಕಡಿದು, ಕಣಿವೆ ಮುಚ್ಚಿ, ಎಲ್ಲಿ ನೋಡಿದರೂ ಕಾಂಕ್ರೀಟ್ ರಸ್ತೆ, ಅದೇ ನಮ್ಮೂರು ಅಂತ. ತಾಮಾದಲ್ಲಿ ನಿಜವಾಗಿಯೂ ಗುಡ್ಡ ಕೆರೆದೇ ಹೊಸ ಊರು ಕಟ್ಟಿದ್ದು. "ನಾವು ಕೂತಿರೋ ಲೇಔಟು ಏನಾಗಿತ್ತು ಗೊತ್ತಾ?" ಅಂದ ಮೇಷ್ಟ್ರು. ಗೊತ್ತು ಮಾರಾಯ, ಕೆರೆಯಂಗಳ. ಮಳೆ ಜೋರಾಗಿ ಬಂದಾಗಲೆಲ್ಲ ಕೆಳಗಿನ ಪಾರ್ಕಿಂಗಿಗೆ ಕೆರೆ ವಾಪಸ್ ಬಂದು ನೆನಪು ಮಾಡಿ ಹೋಗುತ್ತದೆ. ಸಿನಿಮಾ ನೋಡು ಅಂತ ಸುಮ್ಮನಿರಿಸಿದೆವು.

ಆಮೇಲೆ ಆ ದೃಶ್ಯ ಬಂತು.

ಕಥೆ ಬರೆಯುತ್ತಾ ಶಿಜುಕು ಓದು ಬಿಟ್ಟಿದ್ದಾಳೆ. ಪರೀಕ್ಷೆಯಲ್ಲಿ ನೂರು ಸ್ಥಾನ ಕೆಳಗಿಳಿದಿದ್ದಾಳೆ. ಜಪಾನಿನಲ್ಲಿ ಕಡ್ಡಾಯ ಶಿಕ್ಷಣ 9 ವರ್ಷಕ್ಕೆ ಮುಗಿಯುತ್ತದೆ, ಹೈಸ್ಕೂಲಿಗೆ ಹೋಗಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಅವಳಿರುವುದು ಸರಿಯಾಗಿ ಆ ವರ್ಷದಲ್ಲಿ. ಕಾಲೇಜಿಗೆ ಹೋಗುವ ಅಕ್ಕ ಹೀಗಾದರೆ ಹೈಸ್ಕೂಲೇ ಸಿಗಲ್ಲ ಅಂತ ಕೂಗಾಡುತ್ತಾಳೆ. ಅಪ್ಪ ಅಕ್ಕನನ್ನು ಆಚೆ ಕಳಿಸಿ, ಅಮ್ಮನನ್ನೂ ಕೂರಿಸಿಕೊಂಡು ಮೆಲ್ಲಗೆ ಕೇಳುತ್ತಾನೆ. ಈಗ ಮಾಡ್ತಿರೋದು ಓದಿಗಿಂತ ಮುಖ್ಯವಾ? ಏನು ಅಂತ ಹೇಳ್ತೀಯಾ? ಹೇಳುವ ಹೊತ್ತು ಬಂದಾಗ ಹೇಳ್ತೀನಿ ಅನ್ನುತ್ತಾಳೆ ಅವಳು. ಇನ್ನು ಮೂರು ವಾರ ಇದೆ, ನನ್ನನ್ನು ನಾನು ಪರೀಕ್ಷೆ ಮಾಡ್ಕೋಬೇಕು ಅನ್ನುತ್ತಾಳೆ. ಅಪ್ಪ ಸ್ವಲ್ಪ ಯೋಚಿಸಿ, ಇವಳು ಲೈಬ್ರರಿಯಲ್ಲಿ ಕಷ್ಟಪಟ್ಟು ಏನೋ ಮಾಡ್ತಿರೋದನ್ನ ನೋಡಿದೀನಿ, ಅವಳಿಷ್ಟದಂತೆ ಬಿಡೋಣ, ಬದುಕೋಕೆ ಒಂದೇ ದಾರಿ ಅಂತೇನಿಲ್ಲವಲ್ಲ ಅನ್ನುತ್ತಾನೆ. ನಂಬಿದ್ದನ್ನ ಮಾಡು ಮಗಳೇ. ಆದರೆ ಬೇರೆಯವರ ಹಾಗಲ್ಲದೆ ಬದುಕೋದು ಕಷ್ಟ. ಏನೇ ಆದರೂ ಯಾರನ್ನೂ ದೂರೋ ಹಾಗಿಲ್ಲ. ಅಮ್ಮ ಕೊನೆಗೆ ಸೇರಿಸುವುದು ಒಂದೇ ಮಾತು: ಊಟದ ಹೊತ್ತಿಗೆ ಮಾತ್ರ ಬಂದು ಕೂತ್ಕೋ, ನಾವೊಂದು ಮನೆಯವರು.

ಗೆಳತಿ ಮೊರದಲ್ಲಿದ್ದ ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದಳು. ಕೈ ನಿಲ್ಲಲಿಲ್ಲ. "ಹಿಂಗೆ ಬಿಟ್ರೆ ಆಯ್ತು ಕಥೆ. ನೂರು ರ‍್ಯಾಂಕ್ ಇಳಿದಿದಾಳೆ, ಏನ್ ಮಾಡ್ತಿದಾಳೆ ಅಂತ ಗೊತ್ತಿಲ್ಲ, ಹೋಗಮ್ಮ ಅಂತ ಬಿಟ್ರು. ಇಂಥ ಅಪ್ಪಂದಿರು ಕಾರ್ಟೂನಲ್ಲೇ ಇರೋದು" ಅಂದಳು.

ಅಲ್ಲಿಯವರೆಗೆ ಬಾಯಿಯೇ ಬಿಡದೆ ನೆಲದ ಮೇಲೆ ದಿಂಬು ಹಾಕಿ ಮಲಗಿದ್ದ ಮಗಳು ಹೇಳಿದ್ದು ಆಗ. "ಅಮ್ಮಾ, ಅವರಪ್ಪ ಲೈಬ್ರರೀಲಿ ನೋಡಿದಾರೆ." ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿದೆ ಅಂತ ತೋರಿಸುವವರ ಹಾಗೆ ಹೇಳಿದಳು. ಆಮೇಲೆ ಮತ್ತೆ ಸಿನಿಮಾದೊಳಗೆ ಹೋದಳು.

ಗೆಳತಿಯ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಗಂಡ ಬಾಲ್ಕನಿ ಕಡೆ ನೋಡಿದರು.

ಸಿನಿಮಾ ಮುಗಿದ ಮೇಲೆ ನಡೆದ ಚರ್ಚೆಯೆಲ್ಲ ಈ ಅಪ್ಪನ ಸುತ್ತಲೇ. ಮೇಷ್ಟ್ರ ವಾದ ಇದು: ಏನಾದರೂ ಆದರೆ ಯಾರನ್ನೂ ದೂರಬೇಡ ಅಂತ ಅಪ್ಪ ಹೇಳಿದ್ದು ಜವಾಬ್ದಾರಿ ಜಾರಿಸಿಕೊಳ್ಳುವ ಮಾತು. ನಮ್ಮ ಮನೆಗಳಲ್ಲೂ ಇದನ್ನೇ ಹೇಳೋದು ಅಲ್ವಾ, ಏನು ವ್ಯತ್ಯಾಸ? ಹೌದಲ್ಲ ಅನ್ನಿಸಿತು. ನನಗೂ ಹೇಳಿದ್ದರು. ಎಸ್ಸೆಸ್ಸೆಲ್ಸಿ ಮುಗಿದಾಗ ನಾನು ಆರ್ಟ್ಸ್ ತಗೋತೀನಿ ಅಂದೆ. ನಮ್ಮಪ್ಪ ಪೇಪರ್ ಕೆಳಗಿಡಲಿಲ್ಲ. "ನಿನ್ನಿಷ್ಟ. ಆಮೇಲೆ ಏನಾದ್ರೂ ನನ್ನ ಕೇಳ್ಬೇಡ" ಅಂದರು. ಹೆಚ್ಚು ಕಡಿಮೆ ಶಿಜುಕುವಿನ ಅಪ್ಪ ಹೇಳಿದ್ದೇ. ಆದರೆ ಆ ಮಾತು ಬೆದರಿಕೆಯಾಗಿ ಕಿವಿಗೆ ಬಿತ್ತು, ಇವತ್ತಿಗೂ ಹಾಗೇ ಇದೆ. ಸಂಬಳ ಕಡಿಮೆ ಬಂದಾಗಲೆಲ್ಲ, ಕೆಲಸ ಬದಲಾಯಿಸಬೇಕಾದಾಗಲೆಲ್ಲ, ಅಪ್ಪ ಪೇಪರಿನ ಹಿಂದಿನಿಂದ ಅದನ್ನೇ ಮತ್ತೆ ಹೇಳಿದ ಹಾಗಾಗುತ್ತದೆ. ಅಪ್ಪ ಕೆಟ್ಟವರೇನಲ್ಲ. ಫೀಸ್ ಕಟ್ಟಿದರು, ಪುಸ್ತಕ ಕೊಡಿಸಿದರು, ಹಾಸ್ಟೆಲ್ಲಿಗೆ ಕೋಡುಬಳೆ ಡಬ್ಬ ತಂದುಕೊಟ್ಟರು. ನಾನು ಯಾವ ಪುಸ್ತಕ ಓದುತ್ತೇನೆ, ಓದುವಾಗ ಹೇಗಿರುತ್ತೇನೆ ಅಂತ ಮಾತ್ರ ಅವರು ನೋಡಿರಲಿಲ್ಲ. ನೋಡಲು ಅವರಿಗೆ ಹೊತ್ತೂ ಇರಲಿಲ್ಲ ಬಿಡಿ.

ಹುಡುಗಿ ಹೇಳಿದ್ದು ಆ ವ್ಯತ್ಯಾಸವನ್ನೇ. ಶಿಜುಕುವಿನ ಅಪ್ಪನಿಗೆ ಲೈಬ್ರರಿಯಲ್ಲೇ ಕೆಲಸ. ಮಗಳು ಪುಸ್ತಕದ ರಾಶಿ ಮುಂದೆ ತಲೆ ಬಗ್ಗಿಸಿ ಕೂತಿದ್ದನ್ನು ಕಂಡಿದ್ದಾನೆ. ಹೋಗಿ ಏನದು ಅಂತ ಬಗ್ಗಿ ನೋಡಿಲ್ಲ, ಮನೆಗೆ ಬಂದು ಕೇಳಿಲ್ಲ. ಬೇಕಾದಾಗ ಅದನ್ನೇ ಸಾಕ್ಷಿಯಾಗಿ ಇಟ್ಟು ಅವಳ ಪರವಾಗಿ ಮಾತಾಡಿದ. ಬಿಟ್ಟಿದ್ದು ನಿಜ, ಆದರೆ ಕಣ್ಣು ಮುಚ್ಚಿಕೊಂಡು ಬಿಟ್ಟಿದ್ದಲ್ಲ. ಅಮ್ಮನೂ ಅಷ್ಟೇ. ಅವಳು ಈ ವಯಸ್ಸಿನಲ್ಲಿ ಮತ್ತೆ ಯೂನಿವರ್ಸಿಟಿ ಸೇರಿ ಓದುತ್ತಿರುವವಳು. ಹಠ ಹಿಡಿಯೋದು ಹೇಗಿರುತ್ತೆ ಅಂತ ನನಗೂ ಒಂದೆರಡು ಅನುಭವ ಇದೆ ಅಂತ ಗೊಣಗಿಕೊಂಡೇ ಒಪ್ಪುತ್ತಾಳೆ.

ಗೆಳತಿ ಹತ್ತಿರ ಇರುವ ಮಾಹಿತಿ ಶಿಜುಕುವಿನ ಅಪ್ಪನ ಹತ್ತಿರ ಇರಲಿಲ್ಲ. ಟೆಸ್ಟ್ ಮಾರ್ಕ್ಸು, ಹಾಜರಿ, ಗೇಟು ದಾಟಿದ ಹೊತ್ತು, ಎಲ್ಲಾ ಇವಳ ಫೋನಿನಲ್ಲಿದೆ. ಆದರೆ ಮಗಳು ಯಾವ ಕೆಲಸ ಮಾಡುವಾಗ ಕರೆದರೂ ಕೇಳಿಸಿಕೊಳ್ಳುವುದಿಲ್ಲ ಅಂತ ಕೇಳಿದರೆ ಉತ್ತರ ಇದೆಯಾ? ನಾನು ಕೇಳಲಿಲ್ಲ. ನಾವು ಬೆಳೆದಾಗ ನೋಡುವವರಿಗೆ ಪುರುಸೊತ್ತಿರಲಿಲ್ಲ, ಈಗ ಪುರುಸೊತ್ತು ಮಾಡಿಕೊಂಡು ನೋಡುವುದೆಲ್ಲ ಪರದೆಯನ್ನೇ. ಎರಡೂ ಕಡೆ ಮಕ್ಕಳು ಅವರವರಷ್ಟಕ್ಕೆ ಒಂದು ಮೂಲೆಯಲ್ಲಿ ಏನೋ ಮಾಡಿಕೊಂಡಿರುತ್ತಾರೆ. ಕೆಲವರಿಗೆ ಅದರಿಂದಲೇ ಒಳ್ಳೆಯದಾಗುತ್ತದೆ ಅನ್ನುವುದೂ ನಿಜ, ನೋಡುವವರು ಇಲ್ಲದಿದ್ದರೆ ಧೈರ್ಯ ಜಾಸ್ತಿ. ಆದರೆ ತಪ್ಪಿಬಿದ್ದಾಗ ನಿನ್ನ ಕೆಲಸ ಕಂಡಿದ್ದೆ ಅಂತ ಹೇಳಲು ಆಗ ಯಾರೂ ಇರುವುದಿಲ್ಲ.

ಮೇಷ್ಟ್ರಿಗೆ ತುಂಬ ಹಿಡಿಸಿದ್ದು ಅಂಗಡಿಯ ಅಜ್ಜ, ಸೇಜಿಯ ತಾತ. ಹಳೇ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ಈ ಅಜ್ಜ ಶಿಜುಕುಗೆ ಒಂದು ಒರಟು ಕಲ್ಲು ತೋರಿಸುತ್ತಾನೆ, ಒಳಗೆ ಹಸಿರು ಹರಳು ಮಿನುಗುತ್ತಿರುತ್ತದೆ. ಕಥೆ ಮುಗಿದಾಗ ಅವಳು ಅದನ್ನು ತಂದು ಈಗಲೇ ಓದಿ ಅಂತ ಹಟ ಹಿಡಿಯುತ್ತಾಳೆ. ಅಜ್ಜ ಓದಿ, ಚೆನ್ನಾಗಿದೆ, ಆದರೆ ಆ ಕಲ್ಲಿನ ಹಾಗೆ ಒರಟು, ಇನ್ನೂ ಪೂರ್ತಿಯಾಗಿಲ್ಲ, ನಿಧಾನವಾಗಿ ಹೊಳಪು ಕೊಡು ಅನ್ನುತ್ತಾನೆ. ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆಮೇಲೆ ಅಜ್ಜ ಮಡಕೆಯಲ್ಲಿ ಬಿಸಿ ಬಿಸಿ ಊದೋನ್ ಶ್ಯಾವಿಗೆ ಕೊಟ್ಟು ಕೂರಿಸುತ್ತಾನೆ. "ಇದು ಕಣೋ ವ್ಯಾಲ್ಯುಯೇಷನ್" ಅಂದ ಮೇಷ್ಟ್ರು. "ನಾನು ದಿನಕ್ಕೆ ಇಷ್ಟು ಪೇಪರ್ ಅಂತ ತಿದ್ದುತೀನಿ. ಬರೆದ ಹುಡುಗರ ಮುಖ ನೋಡಲ್ಲ. ಊಟ ಹಾಕೋದಂತೂ ದೂರ." ಯಾವಾಗಲೂ ಜೋಕು ಹೊಡೆಯುವವನು ಅದನ್ನು ಮಾತ್ರ ಜೋಕಾಗಿ ಹೇಳಲಿಲ್ಲ.

ಆ ಕಲ್ಲಿನ ಮಾತು ಬಂದಾಗ ನನಗೆ ನಿರ್ದೇಶಕರ ನೆನಪಾಯಿತು. ಯೊಶಿಫುಮಿ ಕೊಂಡೊ. ಇದಕ್ಕೆ ಚಿತ್ರಕಥೆ ಘಿಬ್ಲಿಯ ಹೆಸರಾಂತ ನಿರ್ದೇಶಕ ಹಯಾವೊ ಮಿಯಾಜಾಕಿ ಅವರದು, ಮೂಲ ಆವೊಯ್ ಹೀರಾಗಿ ಅವರ ಮಂಗಾ, ಅಂದರೆ ಜಪಾನಿನ ಕಾಮಿಕ್ಸ್, ನಿರ್ದೇಶನ ಮಾತ್ರ ಕೊಂಡೊ ಅವರದು. ವರ್ಷಗಟ್ಟಲೆ ಬೇರೆಯವರ ಸಿನಿಮಾಗಳಿಗೆ ಚಿತ್ರ ಬರೆದುಕೊಟ್ಟವರು. ಹುಡುಗಿಯೊಬ್ಬಳ ಮೊದಲ ಕಥೆಯ ಬಗ್ಗೆ ಮಾಡಿದ ಈ ಸಿನಿಮಾವೇ ಅವರು ನಿರ್ದೇಶಿಸಿದ ಮೊದಲ ದೊಡ್ಡ ಸಿನಿಮಾ. ಕೊನೆಯದೂ ಇದೇ ಆಯಿತು. 1998ರ ಜನವರಿಯಲ್ಲಿ ತೀರಿಕೊಂಡರು, 47 ವರ್ಷಕ್ಕೆ. ಶಿಜುಕು ಮೇಜಿನ ಮುಂದೆ ಕೂತು ಬರೆಯುವ ರೀತಿ, ಇದನ್ನೆಲ್ಲ ಯಾರನ್ನೋ ಕೂತು ನೋಡದೆ ಬರೆಯಲು ಆಗುವುದಿಲ್ಲ. ಇದನ್ನು ಹೇಳಿದಾಗ ಗೆಳತಿ ತಲೆಯಾಡಿಸಿದಳು, ಏನೂ ಅನ್ನಲಿಲ್ಲ.

ಕೊನೆಯ ಬೆಳಗಿನ ದೃಶ್ಯಕ್ಕೆ ಮಾತ್ರ ಎಲ್ಲರೂ ನಕ್ಕೆವು. ಸೈಕಲ್ ಹಿಂದೆ ಕೂತಿದ್ದ ಶಿಜುಕು ಏರಿನಲ್ಲಿ ಇಳಿದು, ನಿನಗೆ ಹೊರೆಯಾಗಲ್ಲ ಅಂತ ಹಿಂದಿನಿಂದ ತಳ್ಳುವವರೆಗೆ ಚೆನ್ನಾಗಿತ್ತು. ಗುಡ್ಡದ ತುದಿಯಲ್ಲಿ ಆ ಹುಡುಗ ಸೂರ್ಯ ಹುಟ್ಟುತ್ತಿದ್ದಂತೆ ಮದುವೆ ಆಗ್ತೀಯಾ ಅಂತ ಕೇಳಿಬಿಡುತ್ತಾನೆ. "ಹೈಸ್ಕೂಲೂ ಸೇರಿಲ್ಲ, ಮದುವೆಯಂತೆ!" ಅಂತ ಗೆಳತಿ ಹಣೆ ಚಚ್ಚಿಕೊಂಡಳು. ಮಗಳು "ಅದು ಮಾತ್ರ ಓವರ್" ಅಂದಳು. ಅಮ್ಮ ಮಗಳು ಒಪ್ಪಿದ ಏಕೈಕ ವಿಷಯ.

ಗುರುವಾರ ಗೆಳತಿ ಫೋನ್ ಮಾಡಿದ್ದಳು. ಎರಡು ದಿನ ಮಗಳನ್ನು ಏನೂ ಕೇಳದೆ ಸುಮ್ಮನೆ ನೋಡಿದಳಂತೆ. ಬಾಗಿಲ ಹತ್ತಿರ ನಿಂತು, ಅಡುಗೆಮನೆಯಿಂದ ಇಣುಕಿ. ಮೂರನೇ ದಿನ ಮಗಳು, "ಯಾಕಮ್ಮ ಹಂಗೆ ನೋಡ್ತೀಯ, ಭಯ ಆಗುತ್ತೆ" ಅಂದಳಂತೆ. ನಾನು ನಕ್ಕೆ, ಅವಳು ನಗಲಿಲ್ಲ. ಆದರೂ ಒಂದು ವಿಷಯ ಗೊತ್ತಾಗಿದೆ ಅಂದಳು: ಮಗಳು ಗಣಿತದ ರಫ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮನೆಗಳ ಚಿತ್ರ ಬರೆಯುತ್ತಾಳೆ. ಮೆಟ್ಟಿಲು, ಕಿಟಕಿ, ನೀರಿನ ಟ್ಯಾಂಕು, ಎಲ್ಲಾ ಅಳತೆ ಹಾಕಿ. ಅದರ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲವಂತೆ. ಇವಳಿಗೆ ಬಾಯಿ ಬಿಡದೆ ಇರೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಸ್ಕೂಲ್ ಆ್ಯಪಿನ ಮೆಸೇಜುಗಳನ್ನು ಈಗ ಗಂಡನ ಫೋನಿಗೆ ಬರುವ ಹಾಗೆ ಮಾಡಿದ್ದಾಳೆ. ಅವರು ಮೊದಲ ದಿನವೇ ಅದನ್ನು ಮ್ಯೂಟ್ ಮಾಡಿದ್ದಾರೆ.